ಆಚೆ ದಡದ ಕೂಗು

ನಾನು ಹುಟ್ಟಿದ್ದು ದುದ್ದದ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ನೀರೆಂದರೆ ಕೆರೆ. ಏರಿಯ ಮೇಲೆ ನಡೆದರೆ ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರನ್ನೂ ಕೂಗಿ ಕರೆಯಬೇಕಾಗಿರಲಿಲ್ಲ. ಮಳವಳ್ಳಿ ತಾಲ್ಲೂಕಿನಲ್ಲಿ, ಕಾವೇರಿಯ ನಡುಗಡ್ಡೆಯ ಮೇಲಿದ್ದ ಊರಿಗೆ ನನ್ನನ್ನು ಕೊಡುವ ಮೊದಲು ನಮ್ಮಪ್ಪ ಗಂಡಿನ ಮನೆಯ ಗದ್ದೆ ನೋಡಿದರು, ತೆಂಗಿನ ಮರ ನೋಡಿದರು, ಕೊಟ್ಟಿಗೆಗೆ ಹೋಗಿ ದನಗಳ ಹಲ್ಲನ್ನೂ ನೋಡಿದರು. ಹೊಳೆಯನ್ನು ಮಾತ್ರ ನೋಡಲಿಲ್ಲ. ಬೇಸಿಗೆಯಲ್ಲಿ ಬಂದಿದ್ದರಲ್ಲ, ಹೊಳೆ ಸಾಧು ಹಸುವಿನ ಹಾಗೆ ಮಲಗಿತ್ತು. ಮಳೆಗಾಲದಲ್ಲಿ ನನ್ನನ್ನು ನೋಡಲು ಬಂದಾಗ ಆಚೆ ದಡದಲ್ಲೇ ನಿಂತು, ತಲೆಯ ಮೇಲೆ ಕೈಯಿಟ್ಟುಕೊಂಡು ವಾಪಸ್ಸು ಹೋದರಂತೆ.

ನಾನು ಬಂದ ವರ್ಷವೇ ಊರಿಗೆ ಸರ್ಕಾರಿ ದೋಣಿ ಬಂತು. ಅಲ್ಲಿಯವರೆಗೆ ಇದ್ದದ್ದು ಬಿದಿರಿನ ಬುಟ್ಟಿಗೆ ಚರ್ಮ ಹೊಚ್ಚಿದ ಹರಿಗೋಲು. ಹೊಸ ದೋಣಿ ಮರದ್ದು, ಉದ್ದನೆಯದು, ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ‘ಮೈಸೂರು ಸರ್ಕಾರ’ ಎಂದು ಬರೆದಿತ್ತು. ಹರಿಗೋಲು ನಡೆಸುತ್ತಿದ್ದ ಅಂಬಿಗನನ್ನೇ ಸಂಬಳಕ್ಕೆ ಇಟ್ಟುಕೊಂಡು ಒಂದು ಖಾಕಿ ಅಂಗಿ ಕೊಟ್ಟರು. ಅಂದಿನಿಂದ ಊರವರು ಅವನನ್ನು ‘ಏನ್ಲಾ ಸರ್ಕಾರ, ಊಟ ಆಯ್ತಾ’ ಎಂದೇ ಮಾತಾಡಿಸುತ್ತಿದ್ದರು. ನನಗಿಂತ ದೊಡ್ಡವನು, ನಾನು ‘ಸರ್ಕಾರದಣ್ಣ’ ಎನ್ನುತ್ತಿದ್ದೆ. ಅವನಿಗೂ ಆ ಹೆಸರು ಹಿತವಾಗಿತ್ತು, ಮುಖ ಅರಳುತ್ತಿತ್ತು.

ಸರ್ಕಾರ ಎಂದ ಮೇಲೆ ಕಾನೂನೂ ಬಂತು. ಹೊತ್ತು ಮುಳುಗಿದ ಮೇಲೆ ದೋಣಿ ಬಿಡುವ ಹಾಗಿಲ್ಲ. ಸರಪಳಿ ಬಿಗಿದು ಬೀಗ ಹಾಕಬೇಕು. ದೋಣಿಯಲ್ಲಿ ಹೆಣ ಸಾಗಿಸುವ ಹಾಗಿಲ್ಲ. ಇವೆಲ್ಲ ಆರ್ಡರು ಎಂದು ಅವನು ಹೇಳಿದ, ಆರ್ಡರನ್ನು ಕಣ್ಣಾರೆ ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಹಳೆಯ ಹರಿಗೋಲನ್ನು ಹೆಣಕ್ಕೆಂದೇ ಉಳಿಸಿಕೊಂಡರು. ಊರಿನವರು ಯಾರಾದರೂ ಹೊರಗೆ ತೀರಿಕೊಂಡರೆ ಹರಿಗೋಲನ್ನು ಆಚೆ ದಡಕ್ಕೆ ಒಯ್ದು ಬಾಯಿ ಮೇಲೆ ಮಾಡಿ ಇಡುತ್ತಿದ್ದರು, ಹೆಣ ಬಂದಾಗ ತಡವಾಗಬಾರದೆಂದು. ಅದು ಅಲ್ಲಿ ಕುಳಿತಿದ್ದರೆ ಸಾಕು, ಬಸ್ಸಿಳಿದು ಬಂದವರಿಗೆ ಯಾರೋ ಹೋಗಿದ್ದಾರೆಂದು ತಿಳಿಯುತ್ತಿತ್ತು.

ಕೂಗಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹೊಳೆಯ ನಡುವಿನ ಬಂಡೆಗಳಿಗೆ ನೀರು ಬಡಿದು ಸದಾ ಗಲಾಟೆ. ಆಚೆ ದಡದಿಂದ ಎಷ್ಟೇ ಅರಚಿದರೂ ದನಿ ತಲುಪುತ್ತಿತ್ತು, ಮಾತು ತಲುಪುತ್ತಿರಲಿಲ್ಲ. ಅದಕ್ಕೇ ಊರಲ್ಲಿ ಒಬ್ಬೊಬ್ಬರಿಗೂ ಅವರದೇ ಕೂಗು. ಒಬ್ಬ ಸೀಳು ದನಿಯಲ್ಲಿ ಎರಡು ಸಲ, ಇನ್ನೊಬ್ಬ ಗಂಟಲಲ್ಲೇ ಗುಡುಗಿ, ಮತ್ತೊಬ್ಬಳು ಕೊನೆಯನ್ನು ಎಳೆದು. ನಮ್ಮ ಮಾವನದು ಒಂದು ಉದ್ದನೆಯ ‘ಹೋ’, ಆಮೇಲೆ ಉಸಿರು ಹಿಡಿದಷ್ಟು ಹೊತ್ತು ಸುಮ್ಮನೆ, ಆಮೇಲೆ ತಗ್ಗಿನಲ್ಲಿ ‘ಹೊಯ್ ಹೊಯ್’. ಮೇಯಲು ಹೋದ ದನಕರುಗಳನ್ನು ಕರೆದ ಹಾಗಿರುತ್ತಿತ್ತು. ಅದು ಕೇಳಿಸಿತೆಂದರೆ ನಮ್ಮತ್ತೆ ಒಲೆಯ ಮೇಲೆ ಎಸರಿಡುತ್ತಿದ್ದರು. ದೋಣಿ ಹೋಗಿ ಬಂದು ಅವರು ಕೈಕಾಲು ತೊಳೆಯುವಷ್ಟರಲ್ಲಿ ಮುದ್ದೆ ಬಿಸಿಬಿಸಿಯಾಗಿ ತಟ್ಟೆಗೆ ಬಿದ್ದಿರುತ್ತಿತ್ತು. ನನಗೆ ಕೂಗು ಕಲಿಸಿದವರೂ ಮಾವನೇ. ಮೊದಲ ಸಲ ನಾನು ಕೂಗಿದ್ದು ಕೇಳಿ ‘ಇದೇನವ್ವ, ಕೋಳಿ ಮೊಟ್ಟೆ ಇಟ್ಟಂಗೈತೆ’ ಎಂದು ನಕ್ಕಿದ್ದರು.

ಒಬ್ಬರು ಸತ್ತರೆ ಅವರ ಕೂಗೂ ಅವರೊಂದಿಗೇ ಹೋಯಿತು. ಯಾರೂ ಅದನ್ನು ಮತ್ತೆ ಕೂಗುವ ಹಾಗಿಲ್ಲ. ಸತ್ತ ಸುದ್ದಿ ಬಂದ ಸಂಜೆ ಆ ಕೂಗು ತಾನಾಗಿಯೇ ಆಚೆ ದಡದಿಂದ ಕೇಳಿಸುತ್ತದೆ, ಓಗೊಟ್ಟು ದೋಣಿ ಬಿಟ್ಟವನನ್ನು ಹೊಳೆ ಬಿಡುವುದಿಲ್ಲ ಎಂಬ ನಂಬಿಕೆ. ಹಿಂದೆ ಯಾರೋ ಹೀಗೆ ಹೋಗಿ ಬರಿಯ ಹರಿಗೋಲು ಕೆಳಗೆ ತೇಲಿ ಸಿಕ್ಕಿತ್ತಂತೆ. ನಾನು ಇದನ್ನೆಲ್ಲ ಕೇಳಿ ‘ಹೂಂ’ ಎಂದು ರಾಗಿ ಬೀಸಿಕೊಂಡು ಇರುತ್ತಿದ್ದೆ.

ಆ ವರ್ಷ ಚಳಿ ಶುರುವಾದಾಗ ಮಾವನಿಗೆ ಜ್ವರ, ಕೆಮ್ಮು ಹಿಡಿಯಿತು. ಮಳವಳ್ಳಿಯಲ್ಲಿ ಆಗುವುದಿಲ್ಲ ಎಂದು ಮಂಡ್ಯದ ದೊಡ್ಡಾಸ್ಪತ್ರೆಗೆ ಸೇರಿಸಿದರು. ನನ್ನ ಗಂಡ ಆಗ ಭಾರತೀನಗರದ ಕಡೆ ಕಬ್ಬು ಸಾಗಿಸುವ ಗಾಡಿ ಹೊಡೆಯುತ್ತಿದ್ದರು, ಬಿಡುವಾದಾಗ ಹೋಗಿ ನೋಡಿ ಬರುತ್ತಿದ್ದರು. ಅತ್ತೆ ದಿನವೂ ಸಂಜೆ ಒಂದು ಗಳಿಗೆ ಜಗಲಿಯ ಮೇಲೆ ಸುಮ್ಮನೆ ನಿಂತಿರುತ್ತಿದ್ದರು. ಗುಣವಾದರೆ ಒಂದು ದಿನ ಕೂಗು ಬರುತ್ತದಲ್ಲ, ಅದಕ್ಕೆ.

ಒಂದು ಮಧ್ಯಾಹ್ನ ನಮ್ಮೂರಿನವನೊಬ್ಬ ಮಂಡ್ಯದಿಂದ ಬಂದವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ‘ಗೌಡ್ರು ಓಗ್ಬುಟ್ರು ಕಣವ್ವ’ ಎಂದ. ಅವನು ತನ್ನ ನೆಂಟನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದನಂತೆ. ಮಾವನನ್ನೂ ಮಾತಾಡಿಸೋಣವೆಂದು ಹೋದರೆ ಮಂಚದ ಮೇಲೆ ತಲೆಯಿಂದ ಕಾಲಿನವರೆಗೆ ಕಂಬಳಿ ಎಳೆದಿತ್ತಂತೆ. ಅಂಚಿಗೆ ಕೆಂಪು ದಾರ ಹೊಲಿದ ನಮ್ಮ ಮನೆಯ ಕಂಬಳಿ, ದಾರ ಹೊಲಿದವರು ನಮ್ಮತ್ತೆ. ಪಕ್ಕದಲ್ಲಿ ಆಸ್ಪತ್ರೆಯವರು ‘ಮುದುಕ ಹೋದ’ ಎನ್ನುತ್ತಿದ್ದರಂತೆ. ‘ಮೊಖ ನೋಡ್ದಾ?’ ಎಂದು ಕೇಳಿದೆ. ‘ಮುಟ್ಟಿದ್ರೆ ಮೈಲಿಗೆ ಆಗೋದು ಕಣಕ್ಕ, ತಾನ ಮಾಡ್ದೆ ಬಸ್ಸತ್ತಂಗಿಲ್ಲ. ಬಸ್ಸು ತೆಪ್ಪೋದ್ರೆ ಸುದ್ದಿ ಯಾರು ತರೋರು?’ ಎಂದ. ಆಗ ಆ ಮಾತು ಎಲ್ಲರಿಗೂ ಸರಿಯೆಂದೇ ಕಂಡಿತು. ನನಗೂ ಕಂಡಿತು.

ಅತ್ತೆ ಅಳಲಿಲ್ಲ. ಒಲೆಗೆ ನೀರು ಸುರಿದು ಗೋಡೆಗೊರಗಿ ಕುಳಿತರು. ಊರಿನ ಗಂಡಸರೆಲ್ಲ ಹರಿಗೋಲನ್ನು ಆಚೆ ದಡಕ್ಕೆ ಒಯ್ದು ಬಾಯಿ ಮೇಲೆ ಮಾಡಿ ಇಟ್ಟರು, ಅದರ ಹುಟ್ಟನ್ನು ಅಂಬಿಗನ ಕೈಗೆ ಕೊಟ್ಟು ಕಳಿಸಿ ಬಸ್ಸಿಗೆ ಹೋದರು. ದಾರಿಯಲ್ಲಿ ನನ್ನ ಗಂಡನನ್ನು ಕರೆದುಕೊಂಡು ಮಂಡ್ಯಕ್ಕೆ ಹೋಗುವುದು, ಮರುದಿನ ಹೆಣ ತಂದು ನಮ್ಮ ಹೊಲದ ಅಂಚಿನಲ್ಲಿ ಮಣ್ಣು ಮಾಡುವುದು ಎಂದು ಮಾತಾಗಿತ್ತು. ಊರಲ್ಲಿ ಉಳಿದದ್ದು ಹೆಂಗಸರು, ಮುದುಕರು, ಮತ್ತೆ ಡ್ಯೂಟಿ ಬಿಟ್ಟು ಹೋಗುವಂತಿಲ್ಲದ ಸರ್ಕಾರದಣ್ಣ.

ಹೊತ್ತು ಮುಳುಗಿತು. ನಮ್ಮ ಮನೆ ತುಂಬ ಹೆಂಗಸರು ಕುಳಿತಿದ್ದರು. ಯಾರೋ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಆಗ ಕೇಳಿಸಿತು. ಉದ್ದನೆಯ ‘ಹೋ’. ಆಮೇಲೆ ಏನೂ ಇಲ್ಲ. ಆಮೇಲೆ ತಗ್ಗಿನಲ್ಲಿ ‘ಹೊಯ್ ಹೊಯ್’.

ಎಣ್ಣೆ ನೆಲಕ್ಕೆ ಚೆಲ್ಲಿತು. ನೆರೆಮನೆಯ ಮುದುಕಿ ಎದ್ದು ಬಾಗಿಲು ಹಾಕಿದಳು. ಬೀದಿಯುದ್ದಕ್ಕೂ ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು. ನನ್ನ ಮೈ ಜುಮ್ಮೆಂದದ್ದು ಸುಳ್ಳಲ್ಲ. ಮತ್ತೆ ಕೂಗು ಬಂತು. ಈ ಸಲ ನಡುವೆ ಮುರಿಯಿತು. ಮುರಿದ ಕಡೆ ಕೆಮ್ಮು.

‘ಅತ್ತೆ, ಮಾವ ಕಣತ್ತೆ. ಬದುಕವ್ರೆ. ಕೆಮ್ತಾವ್ರೆ ಕೇಳಿ’ ಎಂದೆ.

‘ಬಾಯ್ ಮುಚ್ಚವ್ವ! ಎದುರಿಗೆ ಕುಂತಿರೋ ಮುತ್ತೈದೇರ ತಾಳಿನ ಹೊಳೆ ಕಿತ್ಕೊಂಡೋಗ್ಬೇಕು ಅಂತಿದ್ದೀಯಾ?’ ಎಂದು ಮುದುಕಿ ನನ್ನ ಮೇಲೆ ಹರಿಹಾಯ್ದಳು. ದುದ್ದದ ಕಡೆಯವಳಿಗೆ ಹೊಳೆಯ ವಿಷಯ ಏನು ಗೊತ್ತು ಎಂದು ಇನ್ನೊಬ್ಬಳು. ನನ್ನ ಬಾಯಿ ಸುಮ್ಮನಿರುವ ಬಾಯಿಯಲ್ಲ. ‘ಹೊಳೆ ಗೊತ್ತಿಲ್ಲ, ಮನುಷ್ಯರ ಕೆಮ್ಮು ಗೊತ್ತು’ ಎಂದು ಹೇಳಿ, ಹಿತ್ತಿಲ ಬಾಗಿಲಿಂದ ಓಡಿದೆ.

ಅಂಬಿಗನ ಗುಡಿಸಲು ದೋಣಿ ಕಟ್ಟುವಲ್ಲೇ. ತಡಿಕೆ ಎಳೆದುಕೊಂಡು ಒಳಗೆ ಕುಳಿತಿದ್ದ, ಖಾಕಿ ಅಂಗಿ ಇನ್ನೂ ಮೈಮೇಲಿತ್ತು.

‘ಸರ್ಕಾರದಣ್ಣ, ಮಾವ ಕೂಗ್ತಾವ್ರೆ. ದೋಣಿ ಬುಡು.’

‘ನಂಗೂ ಕಿವಿ ಅವೆ ಕಣಕ್ಕ.’

‘ಮತ್ಯಾಕ್ ಕುಂತಿದ್ದೀಯ?’

‘ಒತ್ತು ಮುಳುಗುದ್ ಮ್ಯಾಲೆ ದೋಣಿ ಬುಡಂಗಿಲ್ಲ. ಆರ್ಡರು.’

‘ಮೊನ್ನೆ ಮದುವೆಯಿಂದ ಬಂದೋರ್ನ ಕತ್ಲಲ್ಲಿ ಕರ್ಕೊಂಡ್ ಬಂದ್ಯಲ್ಲ, ಅವತ್ತು ನಿನ್ ಸರ್ಕಾರ ಮನಿಕಂಡಿತ್ತಾ?’

ಅವನು ನೆಲ ನೋಡಿಕೊಂಡು ‘ಅವ್ರು ಬದುಕಿದ್ರು ಕಣಕ್ಕ’ ಎಂದ.

ಕೂಗು ಮತ್ತೆ ಬಂತು. ಇಲ್ಲಿ ಇನ್ನೂ ಹತ್ತಿರ ಕೇಳಿಸುತ್ತಿತ್ತು. ಕೂಗಿನ ಹಿಂದೆಯೇ ಕೆಮ್ಮು. ‘ಕೇಳ್ತಾ? ಸತ್ತೋರು ಕೆಮ್ತಾರಾ?’ ಎಂದು ಅವನ ಭುಜ ಹಿಡಿದು ಅಲ್ಲಾಡಿಸಿದೆ.

‘ಕೆಮ್ಮಿ ಕೆಮ್ಮಿ ಸತ್ತೋರು ಕೆಮ್ದೆ ಇನ್ನೇನ್ ಮಾಡ್ತಾರಕ್ಕ’ ಎಂದ. ಬೀಗದ ಕೈ ಕೊಡು ಎಂದೆ. ‘ತಕೊ. ಹುಟ್ಟಾಕಕೆ ಬತ್ತದಾ ನಿಂಗೆ?’ ಎಂದು ಸೊಂಟದಿಂದ ಬಿಚ್ಚಿ ನಿಜಕ್ಕೂ ನನ್ನ ಮುಂದೆ ಹಾಕಿದ. ನನಗೆ ಬರುತ್ತಿರಲಿಲ್ಲ. ಆ ಬೀಗದ ಕೈಯನ್ನು ಹಿಡಿದುಕೊಂಡು ನಾನು ನೀರಿನ ಹತ್ತಿರ ನಿಂತೆ. ಆಚೆ ದಡದಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ. ನಾನೂ ಕೂಗಿದೆ, ಮಾವ ಕಲಿಸಿದ ನನ್ನ ಕೂಗನ್ನೇ. ಆಗಲೇ ಹಿಂದಿನಿಂದ ಹೆಂಗಸರು ಬಂದು ನನ್ನ ಬಾಯಿ ಮುಚ್ಚಿ, ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ಮನೆಯ ಮುಂದೆ ಅತ್ತೆಯನ್ನು ಹೊರಗೆ ನಿಲ್ಲಿಸಿದ್ದರು. ಇಂಥ ಕೂಗು ನಿಲ್ಲದಿದ್ದರೆ ಹೆಂಡತಿಯೇ ಬರಬೇಡಿ ಎಂದು ಹೇಳಿ ಕಳಿಸಬೇಕಂತೆ. ಅತ್ತೆ ಊರಲ್ಲಿ ದನಿಯೆತ್ತಿ ಮಾತಾಡಿದವರಲ್ಲ. ಮುದುಕಿ ಬೆನ್ನಿಗೆ ಕೈಯಿಟ್ಟು ‘ಓಗಿ ಅನ್ನವ್ವ, ಅಂದ್ಬುಡು, ಅವ್ರ ಜೀವ್ಕೂ ನೆಮ್ಮದಿ’ ಎಂದು ಗೋಗರೆಯುತ್ತಿದ್ದಳು. ಅತ್ತೆ ಹೊಳೆಯ ಕಡೆ ತಿರುಗಿ, ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡು ಕೂಗಿದರು.

‘ಓಗ್ಬುಡೀ... ಇದು ನಿಮ್ ಮನೆ ಅಲ್ಲಾ... ಬರ್ಬ್ಯಾಡೀ...’

ಅಷ್ಟು ಗಟ್ಟಿ ದನಿ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ. ಆಚೆ ದಡದ ಕೂಗು ಒಂದು ಗಳಿಗೆ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ, ಒಂದರ ಮೇಲೊಂದು ಬರತೊಡಗಿತು. ಹೆಂಡತಿಯ ದನಿ ಕೇಳಿ ಗಂಡ ಕೂಗದೆ ಇರುತ್ತಾನೆಯೇ? ‘ನೋಡ್ರವ್ವ, ಸಿಟ್ಟಾಯ್ತು. ಪೀಡೆನೇ ಸರಿ’ ಎಂದರು. ಅತ್ತೆ ಕಿವಿಗೆ ಸೆರಗು ತುರುಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಕೂಗು ಬಂದಾಗಲೆಲ್ಲ ಅವರ ಭುಜ ಅದುರುತ್ತಿತ್ತು. ಬರಬರುತ್ತ ಕೂಗು ಸಣ್ಣದಾಯಿತು, ಆಮೇಲೆ ಬರಿಯ ಹೊಳೆಯ ಸದ್ದು. ಹೆಂಗಸರು ಸಮಾಧಾನದ ಉಸಿರು ಬಿಟ್ಟರು.

ಬೆಳಗ್ಗೆ ಸರ್ಕಾರದಣ್ಣ ಬಂದು ಅಂಗಳದಲ್ಲಿ ನಿಂತ. ‘ಅಕ್ಕ, ಹರಿಗೋಲು ಬೋರಲಾಗೈತೆ’ ಎಂದ.

ಬಾಯಿ ಮೇಲೆ ಮಾಡಿ ಇಟ್ಟ ಹರಿಗೋಲು ತಾನಾಗಿ ಬೋರಲಾಗುವುದಿಲ್ಲ. ನಾನು ಹಿಂದೆಮುಂದೆ ನೋಡದೆ ದೋಣಿ ಹತ್ತಿದೆ. ಮಂಜು ಇನ್ನೂ ನೀರಿನ ಮೇಲೆಯೇ ಇತ್ತು. ಆಚೆ ದಡ ಮುಟ್ಟಿದ ಮೇಲೆ ಅವನು ಹತ್ತಿರ ಹೋಗಲಾರದೆ ನಿಂತ. ನಾನೇ ಹರಿಗೋಲಿನ ಅಂಚು ಹಿಡಿದೆ, ಆಮೇಲೆ ಅವನೂ ಕೈಕೊಟ್ಟ. ಎತ್ತಿದೆವು.

ಮಾವ ಮೊಣಕಾಲು ಎದೆಗೆ ಸೇರಿಸಿಕೊಂಡು ಕುಳಿತಿದ್ದರು. ಮೈಮೇಲೆ ಒಂದು ಹತ್ತಿ ಅಂಗಿ, ತಲೆಗೆ ಸುತ್ತಿದ ಟವಲು. ತುಟಿ ನೀಲಿಯಾಗಿತ್ತು. ಕಣ್ಣು ತೆರೆದಿತ್ತು, ನಮ್ಮನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ದನಿ ಪೂರ್ತಿ ಹೋಗಿತ್ತು, ಬರಿಯ ಗಾಳಿಯಲ್ಲಿ ಮಾತಾಡಿದರು.

‘ಯಾರ್ಲಾ ಓಗ್ಬುಟ್ಟಿರೋದು?’

ರಾತ್ರಿಯೆಲ್ಲ ಅವರು ಯೋಚಿಸಿದ್ದು ಅದೊಂದನ್ನೇ. ಹರಿಗೋಲು ಆಚೆ ದಡದಲ್ಲಿದೆ, ಊರಿನವರು ಯಾರೋ ಹೋಗಿದ್ದಾರೆ, ಅದಕ್ಕೇ ದೋಣಿ ಬರುತ್ತಿಲ್ಲ. ‘ನಿಮ್ಮತ್ತೆ ದನಿ ಕೇಳ್ತು, ಅವ್ಳಲ್ಲ. ನನ್ ಮಗ ಚೆನ್ನಾಗವ್ನಾ?’ ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈಯ ತಣುಪು ಇನ್ನೂ ನನ್ನ ಕೈಯಲ್ಲಿದೆ. ಎಂದೂ ಮಾತಿಗೆ ಸೋತವಳಲ್ಲ ನಾನು, ಅವತ್ತು ಸೋತೆ. ಸರ್ಕಾರದಣ್ಣ ನೀರಿನ ಕಡೆ ನೋಡುತ್ತಾ ‘ನೀವೇ ಗೌಡ್ರೆ’ ಎಂದ.

ಆಗಿದ್ದು ಇಷ್ಟೇ. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಮುದುಕ ಚಳಿಗೆ ನಡುಗುತ್ತಿದ್ದಾನೆಂದು ಮಾವ ತಮ್ಮ ಕಂಬಳಿ ಹೊದಿಸಿದ್ದರು. ಅವನು ತೀರಿಕೊಂಡ. ಅದೇ ಬೆಳಗ್ಗೆ ಇವರಿಗೆ ಜ್ವರ ಬಿಟ್ಟಿದೆ, ಮಂಚ ಬೇಕು, ಮನೆಗೆ ಹೋಗಿ ಎಂದರಂತೆ. ಹೆಣದ ಮೇಲಿನ ಕಂಬಳಿ ಎಳೆದುಕೊಳ್ಳುವುದು ಹೇಗೆಂದು ಬಿಟ್ಟು, ಮದ್ದೂರಿನಲ್ಲಿ ಬಸ್ಸು ಬದಲಿಸಿ, ಕೂತು ನಿಂತು, ಸಂಜೆಗೆ ಹೊಳೆಯ ದಡಕ್ಕೆ ಬಂದಿದ್ದರು. ಅವರ ಹೆಣ ತರಲು ಹೊರಟವರ ಬಸ್ಸು ದಾರಿಯಲ್ಲಿ ಎಲ್ಲೋ ಅವರ ಬಸ್ಸಿಗೆ ಎದುರಾಗಿರಬೇಕು. ಮಂಡ್ಯಕ್ಕೆ ಹೋದವರು ಬೇರೆ ಯಾರದೋ ಹೆಣ ನೋಡಿ, ನನ್ನ ಗಂಡನ ಜೊತೆ ಬರಿಗೈಯಲ್ಲಿ ತಿರುಗಿ ಬಂದರು. ಸುದ್ದಿ ತಂದವನು ಎರಡು ದಿನ ಬಿಟ್ಟು ಕಾಲಿಗೆ ಬೀಳಲು ಬಂದ. ಮಾವ ಅವನನ್ನು ಬೈಯಲಿಲ್ಲ. ‘ಕಂಬ್ಳಿನಾರ ತರಬಾರ್ದಿತ್ತೇನ್ಲಾ’ ಎಂದರು ಅಷ್ಟೇ. ನಾನಾಗಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದೆ.

ಸತ್ತವರೆಂದು ಒಲೆ ಆರಿಸಿದ ಮನೆ, ತಲೆಗೆ ನೀರು ಹಾಕದೆ ಒಳಗೆ ಬಿಡುವ ಹಾಗಿಲ್ಲ ಎಂದು ಊರ ಮುದುಕರು ಹೇಳಿದರು. ಹಿತ್ತಿಲಲ್ಲಿ ಅತ್ತೆ ನೀರು ಕಾಯಿಸಿ ಅವರ ತಲೆಗೆ ಹೊಯ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾವ ಬದುಕಿದರು, ಆದರೆ ಆ ಕೆಮ್ಮು ಎದೆಯಲ್ಲೇ ಮನೆ ಮಾಡಿತು. ಗಂಟಲು ಗುಣವಾಗಿ ಮಾತು ಬಂತು. ಕೂಗು ಮಾತ್ರ ಬರಲಿಲ್ಲ. ಬರಲಿಲ್ಲ ಎಂದರೆ ಅವರು ಕೂಗಲಿಲ್ಲ. ಮಳವಳ್ಳಿಗೆ ಹೋಗಿ ಬಂದರೆ ಆಚೆ ದಡದ ಕಲ್ಲಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು, ಬೇರೆ ಯಾರಾದರೂ ಬಂದು ಕೂಗುವವರೆಗೆ. ಮಳೆ ಬಂದರೂ ಅಷ್ಟೇ, ಬಿಸಿಲು ಬಂದರೂ ಅಷ್ಟೇ. ಸರ್ಕಾರದಣ್ಣನಿಗೆ ಇದು ತಿಳಿದ ಮೇಲೆ ಗೌಡರು ಹೊರಗೆ ಹೋದ ದಿನ ಅವನು ದೋಣಿಯನ್ನು ಆಚೆ ದಡದಲ್ಲೇ ನಿಲ್ಲಿಸಿಕೊಂಡು ಕಾಯತೊಡಗಿದ. ಈಚೆ ದಡದವರು ಸಂತೆಗೆ ಹೊತ್ತಾಯಿತೆಂದು ಬಾಯಿಗೆ ಬಂದ ಹಾಗೆ ಬೈದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮನೆಯಲ್ಲಿ ಆ ಸಂಜೆಯ ಮಾತೇ ಇಲ್ಲ. ಒಮ್ಮೆ ಮಾತ್ರ, ನಾನು ಹುರುಳಿ ಕೇರುತ್ತಿದ್ದಾಗ ಮಾವ ಹತ್ತಿರ ಬಂದು ಕುಳಿತು ಕೇಳಿದರು.

‘ಅವತ್ತು ನಿಮ್ಮತ್ತೆ ಕೂಗಿದ್ಲಲ್ಲ. ದನಿ ಕೇಳ್ತು, ಮಾತು ತಿಳೀನಿಲ್ಲ. ಏನಂದ್ಲವ್ವ?’

ಒಳಗೆ ಅತ್ತೆ ಸೊಪ್ಪು ಹೆಚ್ಚುತ್ತಿದ್ದ ಸದ್ದು ನಿಂತುಹೋಯಿತು. ‘ಬನ್ನಿ ಅಂದ್ರು ಮಾವ’ ಎಂದೆ. ಅವರು ಮೊರದಿಂದ ಒಂದು ಹಿಡಿ ಹುರುಳಿ ತೆಗೆದು ಮತ್ತೆ ಅಲ್ಲಿಗೇ ಸುರಿದು, ‘ಹೂಂ’ ಎಂದು ಎದ್ದು ಹೋದರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆಮೇಲೂ ಅವರು ಕೂಗಲಿಲ್ಲ.

ಕೆಲವು ವರ್ಷ ಹೀಗೇ ಕಳೆದವು. ರಾಜ್ಯದ ಹೆಸರು ಬದಲಾಯಿತೆಂದು ಯಾರೋ ಬಂದು ದೋಣಿಯ ಮೇಲಿನ ಅಕ್ಷರಕ್ಕೆ ಬಣ್ಣ ಬಳಿದು ‘ಕರ್ನಾಟಕ ಸರ್ಕಾರ’ ಎಂದು ಬರೆದು ಹೋದರು. ದೋಣಿ ಅದೇ, ಬೀಗ ಅದೇ, ಸಂಜೆಯ ಆರ್ಡರೂ ಅದೇ. ಒಂದು ಆಷಾಢದಲ್ಲಿ, ಗಾಳಿ ಹುಯ್ಯೆಂದು ಬೀಸುತ್ತಿದ್ದ ಬೆಳಗ್ಗೆ, ಮಾವ ಮನೆಯಲ್ಲೇ, ಜಗಲಿಗೆ ಒರಗಿ ಕುಳಿತಲ್ಲೇ ಹೋದರು. ಈ ಸಲ ಎಲ್ಲರೂ ಮುಖ ನೋಡಿದರು. ಹರಿಗೋಲನ್ನು ಎಲ್ಲಿಗೂ ಒಯ್ಯಬೇಕಾಗಲಿಲ್ಲ. ಮಧ್ಯಾಹ್ನಕ್ಕೆ ಹೊಲದ ಅಂಚಿನಲ್ಲಿ ಮಣ್ಣು ಮಾಡಿ ಬಂದೆವು.

ಸಂಜೆ ಅತ್ತೆ ಮೂಲೆಯಲ್ಲಿ ಕಾಣಲಿಲ್ಲ. ನಾನು ಹೊಳೆಯ ಕಡೆ ಓಡಿದೆ. ಅವರು ದೋಣಿ ಕಟ್ಟುವ ಕಡೆ ನಿಂತಿದ್ದರು. ಸರ್ಕಾರದಣ್ಣ ಆಗಷ್ಟೇ ಸರಪಳಿಗೆ ಬೀಗ ಹಾಕಿ ಮೇಲೇಳುತ್ತಿದ್ದ. ಅತ್ತೆ ಅವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಆಚೆ ದಡಕ್ಕೆ ಮುಖ ಮಾಡಿ ಕೂಗಿದರು. ಉದ್ದನೆಯ ‘ಹೋ’. ಉಸಿರು ಹಿಡಿದಷ್ಟು ಹೊತ್ತು ಸುಮ್ಮನೆ. ಆಮೇಲೆ ತಗ್ಗಿನಲ್ಲಿ ‘ಹೊಯ್ ಹೊಯ್’. ಅಷ್ಟು ವರ್ಷ ಕೇಳದಿದ್ದ ಮಾವನ ಕೂಗು, ಒಂದು ಎಳೆಯೂ ತಪ್ಪದೆ ಅತ್ತೆಯ ಗಂಟಲಿಂದ ಬಂತು. ಊರಲ್ಲಿ ಬಾಗಿಲುಗಳು ಮುಚ್ಚಿಕೊಳ್ಳುವುದು ನಮಗೆ ಕೇಳಿಸಿತು.

ನಾನು ಅವರ ಕೈ ಹಿಡಿಯಲು ಹೋದೆ. ಸರ್ಕಾರದಣ್ಣ ಬೇಡವೆಂದು ತಲೆಯಾಡಿಸಿದ. ಅವನು ಆರ್ಡರಿನ ಮಾತೆತ್ತಲಿಲ್ಲ. ಬೀಗ ತೆಗೆದ, ಸರಪಳಿ ಬಿಚ್ಚಿದ, ಹೊಳೆಗೆ ಕೈಮುಗಿದು ಹುಟ್ಟು ಹಿಡಿದ. ಕೆಂಪು ನೀರು ತುಂಬಿ ಹರಿಯುತ್ತಿತ್ತು. ದೋಣಿ ಸ್ವಲ್ಪ ದೂರ ಕಂಡಿತು, ಆಮೇಲೆ ಹುಟ್ಟಿನ ಸದ್ದು ಮಾತ್ರ, ಆಮೇಲೆ ಅದೂ ಇಲ್ಲ. ಒಬ್ಬ ಮುದುಕ ಕಲ್ಲಿನಿಂದೆದ್ದು ಬಂದು ದೋಣಿ ಹತ್ತಿ ಕುಳಿತುಕೊಳ್ಳಲು ಬೇಕಾಗುವಷ್ಟು ಹೊತ್ತು ಆಚೆ ದಡದಲ್ಲಿ ನಿಂತಿದ್ದು, ಅವನು ತಿರುಗಿ ಬಂದ. ಅತ್ತೆ ನಿಂತ ಜಾಗದಿಂದ ಕದಲಿರಲಿಲ್ಲ.

ಅವನು ದೋಣಿಯಿಂದ ಇಳಿದು, ಅವರ ಮುಂದೆ ಕೈಕಟ್ಟಿ ನಿಂತು ಹೇಳಿದ.

‘ಯಾರೂ ಇಲ್ಲ ಕಣವ್ವ.’

‘ಅವತ್ತು ಇದ್ರು ಕಣಪ್ಪ’ ಎಂದರು ಅತ್ತೆ.